ಬೂಟಿನ ಮಾಟ

“ನೋಡ್ತಿರ್ರಿ, ಇಡೀ ಇಂಡಿ ಊರಿನ ಕಣ್ಣು ಈ ಬೂಟಿನ ಮ್ಯಾಲ ಬೀಳಬೇಕು! ಹಂಗ ಮಾಡ್ತೇನಿ!”

ಒಂದು ಬುಧವಾರ ಮುಂಜಾನೆ ರೊಟ್ಟಿ ಬಡಿಯುತ್ತಲೇ ನಾನು ಈ ಭೀಷಣ ಪ್ರತಿಜ್ಞೆ ಮಾಡಿದೆ. ಕೇಳಿಸಿಕೊಳ್ಳಲು ಇದ್ದವರು ನನ್ನ ಯಜಮಾನರೊಬ್ಬರೇ. ಹೆಸರು ಸಿದ್ದಾರೂಢ, ಉದ್ಯೋಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ, ಹವ್ಯಾಸ ನನ್ನ ಪ್ರತಿಜ್ಞೆಗಳಿಗೆ ತಣ್ಣೀರು ಎರಚುವುದು.

“ಬೂಟ ಇರೂದು ಕೆಳಗ. ಜನ ನೋಡೂದು ಮಾರಿ. ಕಣ್ಣ ಹೆಂಗ ಬೀಳ್ತಾವ?”

“ನಾ ಮಾಡಿದ ಬೂಟ ನೋಡಿದ್ರ ಮಾರಿ ನೋಡೂದ ಮರೀತಾರ!”

“ಮರತ್ರ ಚೊಲೋನ ಆತು ಬಿಡು. ಆಮ್ಯಾಲ ಮಾಡಿದಾಕಿ ಯಾರಂತ ಗುರ್ತು ಹಿಡಿಯೂದಿಲ್ಲ,” ಎಂದು ಅವರು ಕೈ ತೊಳೆದು ಸಾಲಿಗೆ ಹೊರಟುಹೋದರು. ಆ ಮಾತು ಸಂಜೆಯೊಳಗೆ ನನಗೆ ವೇದವಾಕ್ಯದಂತೆ ಕಾಣಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಬೂಟು ನನಗಲ್ಲ. ಪಕ್ಕದ ಮನೆಯ ಶಂಕ್ರೆವ್ವನ ಸೊಸೆ ಭಾಗ್ಯಾ ಏಳು ತಿಂಗಳ ಬಸುರಿ. ಬರುವ ರವಿವಾರ ಅವಳ ಕುಬಸ, ಅಂದರೆ ಸೀಮಂತ. ಕಾಲು ಬಾತು ಒಂದು ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಡಾಕ್ಟರಮ್ಮ ದಿನಾ ಮುಂಜಾನೆ ಅಡ್ಡಾಡು ಎಂದಿದ್ದಳು. ಕುಬಸಕ್ಕೆ ಓಣಿಯವರೆಲ್ಲ ಕುಪ್ಪಸದ ಖಣ, ಹಸಿರು ಬಳೆ ಕೊಡುವವರೇ. ಬಾತ ಕಾಲಿನ ಚಿಂತೆ ಯಾರಿಗಿತ್ತು? ನನಗಿತ್ತು! ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ನನ್ನನ್ನು ಸ್ವಂತ ಚಿಕ್ಕಮ್ಮನಂತೆ “ಕಾಕು, ಕಾಕು” ಎಂದು ಬಾಯ್ತುಂಬ ಕರೆಯುತ್ತಾಳೆ. ಹಾಗಾಗಿ ಪೇಟೆಗೆ ಹೋಗಿ ಮಕ್ಕಳು ಶನಿವಾರ ಸಾಲಿಗೆ ಹಾಕಿಕೊಳ್ಳುವ ಬಿಳಿ ಪಿ.ಟಿ. ಬೂಟು ತಂದೆ, ಅವಳ ಅಳತೆಗಿಂತ ಒಂದು ನಂಬರ್ ದೊಡ್ಡದು. ಅದಕ್ಕಿಂತ ಅಗ್ಗದ್ದು ಬೇಕೆಂದರೆ ಬರಿಗಾಲೇ ಗತಿ.

ಬೋಳು ಬೂಟನ್ನು ಹಾಗೇ ಕೊಡಲಾದೀತೇ? ಮೊಬೈಲಿನಲ್ಲಿ ಒಬ್ಬ ಮಹಾತಾಯಿ ಬಟಾಟೆ ಕೊಯ್ದು, ಬಣ್ಣದಲ್ಲಿ ಅದ್ದಿ, ಬಟ್ಟೆಯ ಬೂಟಿನ ಮೇಲೆ ಅಚ್ಚು ಒತ್ತುವುದನ್ನು ತೋರಿಸಿದ್ದಳು. ನಾನು ನಕ್ಕೆ. ಇಂಡಿಯಲ್ಲಿ ಕೂತು ಬಟಾಟೆಯೇ? ಲಿಂಬೆಯನ್ನು ಅಡ್ಡ ಕೊಯ್ದು ನೋಡಿ, ಒಳಗೆ ದೇವರೇ ಕೊರೆದಿಟ್ಟ ಹೂವಿದೆ! ನಮ್ಮೂರ ಲಿಂಬೆ ದೇಶವೆಲ್ಲ ತಿರುಗುತ್ತದೆ, ಭಾಗ್ಯಾಳ ಬೂಟಿನ ಮೇಲೆ ಕೂರಲಾರದೇ?

ಮನೆಯ ಬುಟ್ಟಿಯಲ್ಲಿದ್ದ ಲಿಂಬೆಗಳನ್ನೆಲ್ಲ ಬಳಿದುಕೊಂಡು ಹಿತ್ತಲಿಗೆ ಹೋದೆ. ನಮ್ಮ ಹಿತ್ತಲಿಗೂ ಶಂಕ್ರೆವ್ವನ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಅದೇ ನನ್ನ ಮೇಜು. ಶುಭಕಾರ್ಯಕ್ಕೆ ಕೆಂಪೇ ಇರಲಿ ಎಂದು ಲಿಂಬೆಯ ಹೋಳುಗಳನ್ನು ಕೆಂಪು ಬಣ್ಣದಲ್ಲಿ ಅದ್ದಿ ಅದ್ದಿ ಒತ್ತಿದೆ. ಲಿಂಬೆಯ ರಸ ಸೇರಿ ಬಣ್ಣ ಅಲ್ಲಲ್ಲಿ ಸೋರಿತು, ಸೋರಲಿ! ಕುಬಸ ಎಂದಮೇಲೆ ಹಸಿರು ಬೇಕಲ್ಲ, ಹಸಿರು ಮಣಿ ಹೊಲಿದೆ. ಹಸಿರು ದಾರ ಸಿಕ್ಕಿರಲಿಲ್ಲ. ಓಣಿಯ ತುದಿಯಲ್ಲಿ ದಾರ, ಗುಂಡಿ, ಲೇಸು ಮಾರುವ ರೋಷನಬಿ, “ಕರೇದು ಒಯ್ರಿ ಬಾಯಿ, ಕರೇದು ಎಲ್ಲಾದಕ್ಕೂ ನಡೀತೈತಿ,” ಎಂದು ಕರಿ ದಾರದ ಉಂಡೆ ಕೊಟ್ಟಿದ್ದಳು. ಮುಂಗಾಲಿಗೆ ಎರಡು ದುಂಡು ಕನ್ನಡಿ ಚೂರು ಕೂರಿಸಿದೆ. ಉಳಿದ ಬಣ್ಣ ಹಾಳಾಗಬಾರದೆಂದು ಬೂಟಿನ ನಾಲಿಗೆಗೆ ಪೂರ್ತಿ ಕೆಂಪು ಬಳಿದೆ. ಎಂಥ ಕುಸುರಿ, ಎಂಥ ಮಾಟ! ನನ್ನ ಕೈಗೆ ನಾನೇ ಮುತ್ತು ಕೊಡುವಷ್ಟು ಹೆಮ್ಮೆಯಾಯಿತು.

ಎಡಗಾಲಿನದು ಮುಗಿಸಿ ಒಳಗಿಟ್ಟೆ. ಬಲಗಾಲಿನದು ಮುಗಿಯುವ ಹೊತ್ತಿಗೆ ಅಡಿಗೆಮನೆಯಿಂದ ಹಾಲು ಉಕ್ಕಿದ ವಾಸನೆ! ಸೂಜಿ ಎಲ್ಲೆಂದರಲ್ಲಿ ಇಡಬಾರದು ಎಂದು ನನ್ನವ್ವ ಕಲಿಸಿದ್ದಳು. ದಾರ ಪೋಣಿಸಿದ ಸೂಜಿಯನ್ನು ಕೈಗೆ ಸಿಕ್ಕ ಲಿಂಬೆ ಹೋಳಿಗೆ ಚುಚ್ಚಿ, ಬೂಟನ್ನೂ ಹೋಳುಗಳನ್ನೂ ಗೋಡೆಯ ಮೇಲೆ ಬಿಟ್ಟು ಓಡಿದೆ.

ಒಲೆ ಒರೆಸಿ ಮುಗಿಸಿರಲಿಲ್ಲ, ಪಕ್ಕದ ಹಿತ್ತಲಿನಿಂದ ಶಂಕ್ರೆವ್ವನ ಚೀತ್ಕಾರ ಕೇಳಿಸಿತು.

“ಎವ್ವಾ ಎವ್ವಾ! ಯಾರೋ ಮನಿ ಹಾಳ ಮಾಡಿದ್ರವಾ! ಮಾಟ ಮಾಡ್ಸ್ಯಾರವಾ!”

ಹಿತ್ತಲಿಗೆ ಓಡಿಬಂದೆ. ಗೋಡೆ ಖಾಲಿ! ಅದರ ಮೇಲೆ ಈ ತುದಿಯಿಂದ ಆ ತುದಿಗೆ ಶಂಕ್ರೆವ್ವನ ಬೆಕ್ಕಿನ ಕೆಂಪು ಹೆಜ್ಜೆಗಳು. ಆ ಕಡೆ ಇಣುಕಿದೆ. ಒಣಹಾಕಿದ್ದ ಭಾಗ್ಯಾಳ ಸೀರೆಯ ಕೆಳಗೆ, ನೆಲದ ಮೇಲೆ ಮೂರು ಲಿಂಬೆ ಹೋಳು. ಮೂರಕ್ಕೂ ಕೆಂಪು ಮೆತ್ತಿದೆ. ಒಂದಕ್ಕೆ ಸೂಜಿ, ಸೂಜಿಗೆ ಕರಿ ದಾರ. ಸತ್ಯ ಹೇಳಬೇಕೆಂದರೆ, ಅದು ನನ್ನದೇ ಎಂದು ಗೊತ್ತಿದ್ದೂ ನನ್ನ ಎದೆ ಧಸಕ್ಕೆಂದಿತು!

ಆಗಲೇ ಹೇಳಿಬಿಡಬೇಕಿತ್ತು. “ಅಕ್ಕಾ, ಅದು ನನ್ನದು” ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಶಂಕ್ರೆವ್ವ ಎರಡೂ ಕೈಯಿಂದ ಮಣ್ಣು ತೂರಿ ಶಾಪ ಹಾಕಿದಳು.

“ಯಾವಾಕಿ ಮಾಡ್ಯಾಳ, ಅಕಿ ಕೈ ಸೇದಿ ಹೋಗ್ಲಿ! ಅಕಿ ಒಲಿ ಮ್ಯಾಲಿನ ಹಾಲು ಉಕ್ಕಿ ಹೋಗ್ಲಿ!”

ಹಾಲು ಆಗಲೇ ಉಕ್ಕಿಹೋಗಿತ್ತು! ಇನ್ನು ಉಳಿದದ್ದು ಕೈ. ನೋಡಿಕೊಂಡೆ. ಬೆರಳ ತುದಿಯಿಂದ ಮೊಣಕೈವರೆಗೆ ಕೆಂಪು. ಸೆರಗಿನಲ್ಲಿ ಕೈ ಮುಚ್ಚಿಕೊಂಡು ತೆರೆದ ಬಾಯಿಯನ್ನೂ ಮುಚ್ಚಿದೆ. ಆ ಒಂದು ಕ್ಷಣ ಸುಮ್ಮನಿದ್ದೆ ನೋಡಿ, ಅಲ್ಲಿಗೆ ಕೆಟ್ಟಿತು. ಮೊದಲೇ ಹೇಳದ ಮಾತನ್ನು ಆಮೇಲೆ ಹೇಳುವುದು ಹೇಗೆ?

ಕೈ ತಿಕ್ಕಿ ತಿಕ್ಕಿ ತೊಳೆದು, ಹೋಗದ ಕೆಂಪಿನ ಮೇಲೆ ಅರಿಶಿನ ಬಳಿದುಕೊಂಡು, ಏನೂ ಅರಿಯದವಳಂತೆ ಶಂಕ್ರೆವ್ವನ ಮನೆಗೆ ಹೋದೆ. ಓಣಿಗೆ ಓಣಿಯೇ ಅವಳ ಹಿತ್ತಲಲ್ಲಿತ್ತು. ನಡುವೆ ಪರಸಪ್ಪಜ್ಜ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಈಗ ಓಣಿಯನ್ನೇ ಬಸ್ಸಿನಂತೆ ನಡೆಸುವವನು. ಅವನಿಗೆ ತಿಳಿಯದ ವಿದ್ಯೆಯಿಲ್ಲ.

“ಮುಂದ ಸರೀರಿ, ಮುಂದ ಸರೀರಿ, ಗದ್ದಲ ಮಾಡಬ್ಯಾಡ್ರಿ,” ಎಂದು ಜನರನ್ನು ಸರಿಸಿ, ಕೋಲಿನಿಂದ ಹೋಳನ್ನು ಮಗುಚಿ ನೋಡಿದ. “ಇದು ಖಡಕ್ ಮಾಟ ಐತಿ. ಆದ್ರ ಅರ್ಧಾ ಆಗೇತಿ. ಇನ್ನೂ ಏನೋ ಒಂದು ಇಲ್ಲೇ ಎಲ್ಲೋ ಹುಗದಾರ.”

ಬೂಟು! ಬಲಗಾಲಿನ ಬೂಟು ಎಲ್ಲಿ? ಶಂಕ್ರೆವ್ವ ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸುತ್ತಿದ್ದಳು. ಗೋಡೆಗೆ ಒತ್ತಿ ಉಸುಕಿನ ಗುಡ್ಡೆ ಹಾಕಿಸಿದ್ದಳು. ಆ ಗುಡ್ಡೆಯ ಬುಡದಲ್ಲಿ ಬೂಟು ಬಿಗಿಯುವ ಕಸಿಯ ತುದಿಯೊಂದು ಹುಳದಂತೆ ಇಣುಕುತ್ತಿತ್ತು. ಬೆಕ್ಕು ಬೀಳಿಸಿದೆ, ಉಸುಕು ಜಾರಿ ಮುಚ್ಚಿದೆ. ಯಾರೂ ನೋಡಿರಲಿಲ್ಲ, ನನ್ನ ಹೊರತು!

“ಮಾಡಿದವರು ಯಾರಂತ ಹೆಂಗ ಗೊತ್ತಾಗಬೇಕ್ರಿ ಅಜ್ಜಾ?” ಎಂದು ಶಂಕ್ರೆವ್ವ ಮೂಗೊರೆಸಿಕೊಂಡಳು.

“ಭಾಳ ಸರಳ. ಇವತ್ತು ಹೊತ್ತು ಮುಣಗೂದ್ರೊಳಗ ಅವರ ನಿಮ್ಮ ಮನಿಗೆ ಬರ್ತಾರ. ಬಂದು ಏನರೆ ಒಂದು ಬೇಡ್ತಾರ. ಬೇಡದಿದ್ರ ಮಾಟ ಅವರಿಗೇ ಹೊಳ್ಳಿ ಬಡೀತೈತಿ. ಯಾರು ಬಂದು ಬೇಡ್ತಾರೋ ಅವರನ್ನ ಹಿಡೀರಿ!”

ಅಷ್ಟರಲ್ಲಿ ಬೆಕ್ಕು ಜನರ ನಡುವೆ ಬಂತು. ನಾಲ್ಕೂ ಪಾದ ಕೆಂಪು. “ರಕ್ತ!” ಎಂದು ಯಾರೋ ಕೂಗಿದರು. ಜನ ಹಿಂದೆ ಸರಿದರು. ಪರಸಪ್ಪಜ್ಜ ತಾನೇ ಎಲ್ಲರಿಗಿಂತ ಮುಂದೆ ಬಾಗಿಲಿಗೆ ಸರಿದ.

ರೋಷನಬಿ ಮಾತ್ರ ಸೂಜಿಯಲ್ಲಿದ್ದ ದಾರವನ್ನು ಬಗ್ಗಿ ನೋಡುತ್ತಿದ್ದಳು. “ಈ ದಾರ ಎಲ್ಲೋ ನೋಡೇನಲ್ಲ,” ಎಂದಳು. “ಕರಿ ದಾರ ಎಲ್ಲಾ ಒಂದ ಥರ ಇರ್ತಾವ ಬಿಡವಾ!” ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಎಲ್ಲರೂ ನನ್ನ ಕಡೆ ತಿರುಗಿದರು. ಕೆಮ್ಮಿ, ನೆಲ ನೋಡಿದೆ.

ಅಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಒಬ್ಬರಾದರೂ ಒಬ್ಬರ ಮನೆಗೆ ಹೋಗಿ ಏನನ್ನಾದರೂ ಕೇಳಿದ್ದರೆ ಹೇಳಿ! ಕಡ ಕೊಟ್ಟ ಸಕ್ಕರೆ ಕೇಳುವಂತಿಲ್ಲ, ಹಾಲಿಗೆ ಹೆಪ್ಪು ಕೇಳುವಂತಿಲ್ಲ. ಎದುರು ಮನೆಯವರು ಕೊತ್ತಂಬರಿ ಇಲ್ಲದೆ ಸಾರು ಮಾಡಿದರಂತೆ. ಇತ್ತ ನಾನು ನೆಲ ಒರೆಸುವ ಕೋಲು ಹಿಡಿದು ಗೋಡೆಯ ಮೇಲಿಂದ ಬೂಟಿನ ಕಸಿಗೆ ಗಾಳ ಹಾಕುತ್ತಿದ್ದೆ. ಕೋಲು ಮುಟ್ಟಿದಷ್ಟೂ ಉಸುಕು ಜಾರಿ ಬೂಟು ಇನ್ನಷ್ಟು ಆಳಕ್ಕೆ ಹೋಯಿತು. ಕೊನೆಗೆ ಕಸಿಯೂ ಕಾಣದಾಯಿತು. ಕೇಳಿ ಇಸಿದುಕೊಳ್ಳೋಣವೆಂದರೆ, ಕೇಳಿದವಳೇ ಮಾಟಗಾತಿ!

ಮಾಟಗಾತಿ ಎಂದು ಒಮ್ಮೆ ಹೆಸರು ಬಿದ್ದರೆ ಗೊತ್ತಲ್ಲ? ನಾಳೆಯಿಂದ ನನ್ನ ಕೈಯ ಅರಿಶಿನ ಕುಂಕುಮ ಯಾರೂ ಮುಟ್ಟುವುದಿಲ್ಲ. ನನ್ನನ್ನು ಕಂಡರೆ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಸುಮ್ಮನಿದ್ದು ಪಾರಾಗೋಣ, ರವಿವಾರ ಒಂದು ಖಣ ಕೊಟ್ಟು ಬರೋಣ ಎಂದು ನಿರ್ಧರಿಸಿದೆ. ಹೌದು, ನಾನು ಅಷ್ಟು ಪುಕ್ಕಲಿ!

ಆದರೆ ಗೋಡೆಯಾಚೆಯಿಂದ ಶಂಕ್ರೆವ್ವನ ದನಿ ಕೇಳಿಸುತ್ತಲೇ ಇತ್ತು. “ಒಂದ ತುತ್ತರೆ ತಿನ್ನವಾ. ಮುಂಜಾನಿಂದ ನೀರ ಸೈತ ಮುಟ್ಟಿಲ್ಲ. ಹೊಟ್ಯಾಗಿನ ಕೂಸರೆ ಏನ ಮಾಡಬೇಕು?” ಭಾಗ್ಯಾ ಬಿಕ್ಕುವುದಷ್ಟೇ ಕೇಳಿಸಿತು. ಒಂದು ಸಲ ಮಾತ್ರ, “ಬ್ಯಾಡ್ರಿ ಅತ್ತಿ, ಅಂಜಿಕಿ ಬರ್ತೈತಿ, ಗಂಟಲದಾಗ ಇಳೀವಲ್ದು,” ಎಂದಳು. ಅವಳ ಕಾಲಿಗೆ ನೋವಾಗಬಾರದೆಂದು ಬೂಟು ಮಾಡಹೋದವಳು ನಾನು. ಈಗ ಅವಳ ಹೊಟ್ಟೆಗೆ ಅನ್ನ ಇಳಿಯದಂತೆ ಮಾಡಿ ಕೂತಿದ್ದೆ. ನನ್ನ ತಟ್ಟೆಯ ರೊಟ್ಟಿಯೂ ನನಗೆ ಇಳಿಯಲಿಲ್ಲ.

ಹೇಳುವುದೇ ಸರಿ ಎಂದು ಎದ್ದೆ, ಹೆದರಿ ಕೂತೆ. ಮತ್ತೆ ಎದ್ದೆ, ಮತ್ತೆ ಕೂತೆ. ಹೀಗೆ ಉಠಾಬಸಿ ಹೊಡೆಯುತ್ತಿರುವಾಗ ಐದು ಗಂಟೆಗೆ ಯಜಮಾನರು ಬಂದರು. ನಾನು ಹಿತ್ತಲಲ್ಲಿದ್ದೆ. ಅಡಿಗೆಮನೆಯಲ್ಲಿ ಬುಟ್ಟಿ ಅಲ್ಲಾಡಿಸಿದ ಸಪ್ಪಳ ಕೇಳಿತು. “ಲಿಂಬಿಹಣ್ಣ ಒಂದೂ ಇಲ್ಲೇನು?” ಎಂದು ಗೊಣಗಿ ಹೊರಗೆ ಹೋದರು. ಎಲ್ಲಿಗೆ ಹೋದರೆಂದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಗೋಡೆಯಾಚೆಯ ಹಿತ್ತಲಿನಿಂದ ಅವರ ದನಿ ಕಂಚಿನಂತೆ ಮೊಳಗಿತು.

“ಶಂಕ್ರೆವ್ವಾರ! ಮನ್ಯಾಗ ಒಂದೆರಡು ಲಿಂಬಿಹಣ್ಣ ಇದ್ರ ಕೊಡ್ರಿ!”

ನಾನು ಗೋಡೆಗೆ ಆತು ನೋಡಿದೆ. ಓಣಿಯವರು ಎಲ್ಲಿ ಅಡಗಿದ್ದರೋ, ಒಂದೇ ಉಸಿರಿಗೆ ಬಂದು ಅವರನ್ನು ಸುತ್ತುವರಿದರು. ಪರಸಪ್ಪಜ್ಜ ಕೋಲು ಅಡ್ಡ ಹಿಡಿದು, “ಎದಕ್ಕ ಬೇಕು ಲಿಂಬಿಹಣ್ಣ?” ಎಂದ.

“ನಾಳಿ ಸಾಲ್ಯಾಗ ಪವಾಡ ಬಯಲು ಮಾಡೂದೈತ್ರಿ. ಹುಡುಗುರಿಗೆ ತೋರಸ್ಬೇಕು.”

ರೋಷನಬಿ ಹಣೆ ಬಡಿದುಕೊಂಡಳು. “ಹೌದಲ್ಲ! ನನ್ನ ಮಗಳು ಹೇಳತಿದ್ಲು! ಈ ಸರ್ ಲಿಂಬಿಹಣ್ಣಿನ್ಯಾಗ ರಕ್ತಾ ಬರಸ್ತಾರಂತ!”

ಮೂವತ್ತು ವರ್ಷ ಪಾಠ ಹೇಳಿದರೂ ಇಷ್ಟೊಂದು ಜನ ತಮ್ಮ ವಿಜ್ಞಾನ ಕೇಳಲು ನೆರೆದದ್ದು ಯಜಮಾನರು ಕಂಡಿರಲಿಲ್ಲ. ಮುಖ ಅರಳಿತು.

“ಬರಸ್ತೇನ್ರಿ! ಅಗದೀ ಸರಳ! ಚಾಕುಕ್ಕ ಔಷಧ ಹಚ್ಚಿ ಕೊಯ್ದ್ರ ಕೆಂಪಗ ರಕ್ತ ಸುರೀತೈತಿ! ಇಲ್ಲೇ ನಿಮ್ಮೆದುರಿಗೇ ತೋರಸ್ಲೇನ್ರಿ?”

“ಹಿಡೀರಿ ಅವನ್ನ!” ಎಂದು ಪರಸಪ್ಪಜ್ಜ ಕೂಗಿದ. “ಒಪ್ಪಿಕೊಂಡಾನ!”

ಮುಂದಿನದು ನಾನು ಹೇಗೆ ಮಾಡಿದೆನೋ ತಿಳಿಯದು. ನಲವತ್ತೆರಡು ವರ್ಷದ ನಾನು, ಎದೆಮಟ್ಟದ ಗೋಡೆ, ಉಟ್ಟದ್ದು ಇಳಕಲ್ ಸೀರೆ! ಹಾರಿದೆ. ಉಸುಕಿನ ಗುಡ್ಡೆಯ ಮೇಲೆ ಬಿದ್ದು, ಉರುಳಿ, ಎದ್ದು, ಮೈತುಂಬ ಉಸುಕು ಮೆತ್ತಿಕೊಂಡು, ಜನರ ನಡುವೆ ನಿಂತು ಕೂಗಿದೆ.

“ಅವರಲ್ಲರಿ! ನಾನು! ಮಾಟ ನಾನ ಮಾಡೇನಿ!”

ಅಯ್ಯೋ ನನ್ನ ಬಾಯೇ! ಹೇಳಬೇಕಾದದ್ದು ಇದಲ್ಲ!

“ಅಲ್ಲಲ್ಲ! ಮಾಟ ಅಲ್ಲ! ಬೂಟ! ನಾ ಬೂಟ ಮಾಡೇನಿ!”

“ಭೂತ ಮಾಡ್ಯಾಳಂತ!” ಎಂದು ಹಿಂದಿನವರು ಅರಚಿದರು.

“ಭೂತ ಅಲ್ಲರಿ, ಬೂಟ! ಬೂಟ! ಎರಡು ಮಾಡೇನಿ!”

“ಎರಡು ಭೂತ!”

“ಎಲ್ಲದಾವ ಅವು?” ಪರಸಪ್ಪಜ್ಜ ಕೋಲು ಮುಂದೆ ಚಾಚಿದ.

“ಒಂದು ನಮ್ಮನ್ಯಾಗ ಐತಿ. ಇನ್ನೊಂದು ಇಲ್ಲೇ, ಈ ಉಸುಕಿನ್ಯಾಗ...”

“ಹುಗದಾಳ! ನಾ ಹೇಳಿದ್ನಿಲ್ಲೋ!”

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾಕ ಜಯಾ, ಜ್ವರ ಬಂದಾವೇನು?” ಎಂದರು. ನಾನು ಮಂಡಿಯೂರಿ ಎರಡೂ ಕೈಯಿಂದ ಉಸುಕು ಬಗೆದೆ. ಬೂಟು ಸಿಕ್ಕಿತು. ಹಿಡಿದು ಎತ್ತಿದೆ.

ಸಂಜೆಯ ಬಿಸಿಲಿಗೆ ಎರಡು ಕನ್ನಡಿ ಕಣ್ಣು ಫಳಕ್ಕೆಂದವು. ಮೈಮೇಲೆಲ್ಲ ಕೆಂಪು ಚಕ್ರ, ಅವುಗಳಿಂದ ಸೋರಿದ ಕೆಂಪು ಗೆರೆ. ಕರಿ ದಾರದ ಗಂಟುಗಳು ಕೂದಲಿನಂತೆ ನಿಗುರಿದ್ದವು. ನಡುವಿನಿಂದ ಗೇಣುದ್ದದ ಕೆಂಪು ನಾಲಿಗೆ ಹೊರಚಾಚಿತ್ತು. ಜನ ಹೋ ಎಂದು ಹತ್ತು ಹೆಜ್ಜೆ ಹಿಂದೆ ಹೋದರು. ಸುಳ್ಳೇಕೆ ಹೇಳಲಿ, ನಾನೂ ಕೈಬಿಟ್ಟು ಒಂದು ಹೆಜ್ಜೆ ಹಿಂದೆ ಹೋದೆ!

“ಇದು ಏನು?” ಶಂಕ್ರೆವ್ವ ದೂರದಿಂದಲೇ ಕೇಳಿದಳು.

“ಕಾಲಾಗಿನ ಬೂಟ ಅಕ್ಕಾ. ಪಿ.ಟಿ. ಬೂಟ. ಲಿಂಬಿಹಣ್ಣಿಲೆ ಹೂವಿನ ಅಚ್ಚ ಒತ್ತೇನಿ. ನಿಮ್ಮ ಬೆಕ್ಕ ಕೆಡವೇತಿ. ಭಾಗ್ಯಾನ ಕಾಲು ಬಾತಾವಂತ, ಕುಬಸಕ್ಕ ಕೊಡಬೇಕಂತ...” ಅಳು ಬಂತು. “ನೀವು ಶಾಪ ಹಾಕಿದ್ರಿ, ನಾ ಅಂಜಿದ್ನಿ. ತಪ್ಪಾತು.”

ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು, ಕಣ್ಣು ಊದಿದ್ದವು. ಹೊಟ್ಟೆ ಹಿಡಿದು ನಿಧಾನ ನಡೆದು ಬಂದು ನೆಲದ ಮೇಲಿನ ಬೂಟನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಬೂಟನ್ನು ನೋಡಿದಳು.

“ಕಾಕು, ಇವು ಹೂವೇನ್ರಿ?”

“ಹೂಂನವಾ. ಹೂವು.”

ಅವಳ ತುಟಿ ಅಲುಗಿತು. ಆಮೇಲೆ ನಕ್ಕಳು ನೋಡಿ! ಹೊಟ್ಟೆ ಹಿಡಿದು, ಗೋಡೆಗೆ ಆತು, ಕಣ್ಣೀರು ಬರುವಂತೆ ನಕ್ಕಳು. ಒಬ್ಬೊಬ್ಬರಾಗಿ ಓಣಿಯೆಲ್ಲ ನಕ್ಕಿತು. ನಗು ನಿಂತಮೇಲೆ ಅವಳು, “ಅತ್ತಿ, ರೊಟ್ಟಿ ಕೊಡ್ರಿ, ಹಸಿವಾಗೇತಿ,” ಎಂದಳು. ಅಷ್ಟು ಚೆಂದದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಶಂಕ್ರೆವ್ವ ನನ್ನ ತಲೆಯ ಮೇಲಿನ ಉಸುಕು ಕೊಡವಿದಳು. “ಹಾಕಿದ ಶಾಪೆಲ್ಲಾ ಹೊಳ್ಳಿ ತಗೋತೇನವಾ. ಕೈದೊಂದು ಮಾತ್ರ ಸ್ವಲ್ಪ ವಿಚಾರ ಮಾಡ್ಬೇಕು!” ಎಂದಳು. ಎಡಗಾಲಿನ ಬೂಟನ್ನೂ ತರಿಸಿ, ಜೋಡಿಯನ್ನು ಒಳಗಿಟ್ಟುಕೊಂಡಳು. ನನ್ನ ಎದೆ ಮತ್ತೆ ಉಬ್ಬಿತು. ಕಡೆಗೂ ಕಲೆಗೆ ಬೆಲೆ ಸಿಕ್ಕಿತು!

ರವಿವಾರ ಕುಬಸಕ್ಕೆ ಹೋದೆ. ಭಾಗ್ಯಾ ಹಸಿರು ಸೀರೆ ಉಟ್ಟು ಗೌರಿಯಂತೆ ಕೂತಿದ್ದಳು. ಹೂವು ಮುಡಿಸುವ ನೆಪದಲ್ಲಿ ಬಗ್ಗಿ ಅವಳ ಕಾಲು ನೋಡಿದೆ. ಬರಿಗಾಲು! ಆರತಿಯ ಹೊತ್ತಿಗೆ ಬೂಟು ಹಾಕಲಾದೀತೇ ಎಂದು ಸಮಾಧಾನ ಮಾಡಿಕೊಂಡು ಬಾಗಿಲ ಬಳಿ ಹುಡುಕಿದೆ. ಅಲ್ಲಿ ಅವಳ ಗಂಡನ ದೊಡ್ಡ ಚಪ್ಪಲಿ ಇತ್ತು, ಅದನ್ನೇ ಈಗ ಅವಳು ಮೆಟ್ಟುತ್ತಾಳಂತೆ.

“ಅಕ್ಕಾ, ನನ್ನ ಬೂಟ?”

“ಮ್ಯಾಲ ನೋಡು,” ಎಂದಳು ಶಂಕ್ರೆವ್ವ.

ನೋಡಿದೆ. ಕಟ್ಟುತ್ತಿರುವ ಮಾಳಿಗೆಯ ಕಬ್ಬಿಣದ ಸರಳಿಗೆ, ಬೂದುಗುಂಬಳದ ಪಕ್ಕದಲ್ಲಿ, ನನ್ನ ಬಲಗಾಲಿನ ಬೂಟು ತಲೆಕೆಳಗಾಗಿ ನೇತಾಡುತ್ತಿತ್ತು. ನಾಲಿಗೆ ಗಾಳಿಗೆ ಅಲ್ಲಾಡುತ್ತಿತ್ತು.

“ದೃಷ್ಟಿಗೆ ಕಟ್ಟೇನವಾ. ಹಳೀ ಚಪ್ಪಲ, ಲಿಂಬಿಹಣ್ಣ, ಕರಿ ದಾರ ಬ್ಯಾರೆ ಬ್ಯಾರೆ ಕಟ್ಟೂ ಕೆಲಸ ಇಲ್ಲ. ಎಲ್ಲಾ ಒಂದ್ರಾಗ ಐತಿ! ಎಡಗಾಲಿಂದು ನಮ್ಮ ಟ್ರ್ಯಾಕ್ಟರಿಗೆ ಕಟ್ಟಿದ್ವಿ. ಹಾದಿ ಮ್ಯಾಲ ಹೋಗವರ ಕಣ್ಣೆಲ್ಲಾ ಅದರ ಮ್ಯಾಲ ಬೀಳ್ತಾವ, ಮನಿ ಮ್ಯಾಲ ಒಂದೂ ಬೀಳೂದಿಲ್ಲ!”

ಪಕ್ಕದಲ್ಲಿ ನಿಂತಿದ್ದ ಯಜಮಾನರು ಕೆಮ್ಮಿದರು. “ಇಡೀ ಇಂಡಿ ಊರಿನ ಕಣ್ಣು ಬೂಟಿನ ಮ್ಯಾಲ ಬೀಳಬೇಕು ಅಂದಿದ್ದೆಲ್ಲ. ಬಿತ್ತು ನೋಡು.”

ನಾನು ತಲೆ ತಗ್ಗಿಸಿ ಊಟದ ಪಂಕ್ತಿಯ ಕಡೆ ಹೊರಟೆ. ಪರಸಪ್ಪಜ್ಜ ಅಡ್ಡ ಬಂದ. ಬಗಲಲ್ಲಿ ಅವನ ಮೊಮ್ಮಗಳ ಹಳೆಯ ಬಿಳಿ ಬೂಟು.

“ತಂಗೀ, ನಮ್ಮ ತ್ವಾಟದ ಬಾಂವಿಗೆ ಒಂದು ಮಾಡಿಕೊಡು. ಅಂಜಸಬೇಕಂತ ಬ್ಯಾರೆ ಏನೂ ಮಾಡಾಕ ಹೋಗಬ್ಯಾಡ ಮತ್ತ. ಮೊದಲಿನಂಗ ಮನಸ್ಸಿಟ್ಟು ಚಂದ ಮಾಡು, ಅಷ್ಟ ಸಾಕು. ತಾನಾಗೇ ಭಯಂಕರ ಬರ್ತೈತಿ!”